ಪೂರಾ ಒಂದು ನಿಮಿಷ

— ಅಕ್ಕಾರ, ಅದೀರೇನ್ರಿ ಮನ್ಯಾಗ?

— ಅದೀನಿ, ಬಾ ತಮ್ಮಾ. ಹಗಲಿ ಹೊತ್ತು ಮಗ್ಗ ಬಿಟ್ಟು ಬಂದೀದಿ. ಹೆಣ್ತಿ ಹಡದಾಳಂತ ಕೇಳಿದ್ನಿ, ಸಕ್ರಿ ಕೊಡಾಕ ಬಂದಿ ಅನಕೊಂಡ್ನಿ. ಮಾರಿ ನೋಡಿದ್ರ ಹಂಗ ಕಾಣವಲ್ದು.

— ಸಕ್ರಿ ಹಂಚೂ ಮನಸ ಇಲ್ರಿ. ನಿನ್ನಿ ಮುಂಜಾನೆ ಜಮಖಂಡ್ಯಾಗ ಸಿಜೇರಿನ್ ಆತು. ಗಂಡ ಕೂಸು, 2 ಕಿಲೋ 800 ಗ್ರಾಂ. ಹುಟ್ಟಿದ ಕೂಡ್ಲೆ ಛಲೋ ಅತ್ತೈತಿ. ಒಂದ್ ತಾಸ ಆಗಿತ್ತೋ ಇಲ್ಲೋ, ಉಸರು ಏರಾಕ ಹತ್ತಿತು. ಹೊಟ್ಟಿ ಪಟಪಟ ಅಂತೈತಿ, ಮೂಗಿನ ಹೊಳ್ಳಿ ಅರಳ್ತಾವ. ಮಕ್ಕಳ ಡಾಕ್ಟರು ನೋಡಿ ಬ್ಯಾರೆ ದವಾಖಾನಿಗೆ ಒಯ್ದು ಪೆಟಗ್ಯಾಗ ಇಟ್ಟಾರ. ‘ಟಿಟಿಎನ್’ ಐತಿ, ಅಂದ್ರ ಹಸುಗೂಸಿನ ವೇಗದ ಉಸರು, ತಾತ್ಕಾಲಿಕ, ಎರಡು ಮೂರು ದಿನದಾಗ ತಾನ ಇಳೀತೈತಿ ಅಂದ್ರು. ಹಂಗ ಅಂದವರ ಆಕ್ಸಿಜನ್ ಹಚ್ಚ್ಯಾರ, ಸಲಾಯಿನ್ ಏರಿಸ್ಯಾರ, ಆ್ಯಂಟಿಬಯಾಟಿಕ್ ಕೊಡಾಕತ್ತಾರ. ತಾನ ಇಳಿಯೂದಿದ್ರ ಇಷ್ಟೆಲ್ಲಾ ಯಾಕ್ರಿ? ನಮ್ಮ ಮುಂದ ಏನೋ ಮುಚ್ಚಿಡಾಕತ್ತಾರ ಅಂತ ನನ್ನ ಜೀವ ಹೊಡಕೊಳ್ತೈತಿ.

— ಮೊದಲ ಕುಂದರು. ಒಂದೀಟು ನೀರು ಕುಡಿ. ನಿನ್ನ ಪ್ರಶ್ನೆ ಖರೇನ ಐತಿ, ಅದಕ್ಕ ಉತ್ತರಾನೂ ಐತಿ. ಅದಕ್ಕಿಂತ ಮೊದಲ ನೀ ಹೇಳು. ಕೂಸಿನ ನಾಲಿಗಿ, ತುಟಿ ಯಾವ ಬಣ್ಣ? ಉಸರು ಬಿಡೂಮುಂದ ನರಳ್ತೈತೇನು?

— ನಾಲಿಗಿ ಕೆಂಪಗೈತ್ರಿ. ರಾತ್ರಿ ‘ಹ್ಞೂಂ ಹ್ಞೂಂ’ ಅಂತಿತ್ತು, ಮುಂಜಾನೆ ಅಷ್ಟ ಕೇಳಿಸಲಿಲ್ಲ. ಕೇಸ್ ಪೇಪರಿನ್ಯಾಗ ರಾತ್ರಿ 82 ಅಂತ ಬರದಿದ್ರು, ಮುಂಜಾನೆ 70.

— ಅದು ನಿಮಿಷಕ್ಕ ಎಷ್ಟು ಉಸರು ಅನ್ನೂದರ ಲೆಕ್ಕ. ಆಗ ಹುಟ್ಟಿದ ಕೂಸಿಗೆ 40ರಿಂದ 60 ಇದ್ರ ಸರಿ. 60 ದಾಟಿದ್ರ ವೇಗ ಅಂತೀವಿ. 82 ಇದ್ದದ್ದು 70ಕ್ಕ ಬಂದೈತಿ, ನರಳೂದು ಕಡಿಮಿ ಆಗೈತಿ. ಹಾದಿ ಸರಿ ಇದ್ಧಂಗ ಕಾಣ್ತೈತಿ. ಆದ್ರ ಇಲ್ಲಿ ಬನಹಟ್ಟ್ಯಾಗ ಕುಂತು ನಾ ತೀರ್ಪು ಹೇಳೂದಿಲ್ಲ. ಯಾಕ ಅನ್ನೂದು ಆಮ್ಯಾಲ ಹೇಳ್ತೀನಿ.

— ನಮ್ಮವ್ವ ಅಂತಾಳ, ಕೂಸು ಹೊಟ್ಟ್ಯಾಗಿನ ನೀರು ಕುಡದೈತಿ, ಕಾಲ ಹಿಡದು ತಲಿ ಕೆಳಗ ಮಾಡಿದ್ರ ಬರ್ತೈತಿ ಅಂತ.

— ಹಂಗ ಮಾಡಬ್ಯಾಡ್ರೆಪ್ಪಾ. ‘ನೀರು ಕುಡದೈತಿ’ ಅನ್ನೂದು ನಮ್ಮ ಕಡೆ ಎಲ್ಲಾರೂ ಅನ್ನೂ ಮಾತು. ಆದ್ರ ಕೂಸು ಹೊರಗಿನ ನೀರು ಕುಡದು ಹಿಂಗ ಆಗಿಲ್ಲ. ತಾಯಿ ಹೊಟ್ಟ್ಯಾಗ ಇರೂತನಕ ಕೂಸಿನ ಪುಪ್ಪುಸ ತಾನ ನೀರು ಮಾಡಿ ತುಂಬಿಕೊಂಡಿರ್ತೈತಿ. ಬಾವಿ ಒಳಗ ಸೆಲಿ ಒಸರಿಧಂಗ. ಆ ನೀರು ಇದ್ರನ ಪುಪ್ಪುಸ ಅರಳಿ ಬೆಳೀತೈತಿ, ಅದು ಬೇಕಾದ ನೀರು. ನಿಮ್ಮ ಕೂಸಿನಷ್ಟು ತೂಕದ ಕೂಸಿನ ಎದಿಯಾಗ ಸುಮಾರು 70-80 ಮಿಲಿ ಹಿಡಿ, ಹೋಟೆಲಿನ ಒಂದು ಸಣ್ಣ ಕಪ್ಪು ಚಾದಷ್ಟು. ಹುಟ್ಟಿದ ಮ್ಯಾಲ ಅದು ಹೊರಗ ಹೋಗಿ, ಅದರ ಜಾಗಾದಾಗ ಗಾಳಿ ಬರಬೇಕು. ಹೋಗೂದು ತಡಾ ಆದ್ರ ಕೂಸು ಅರ್ಧ ಗಾಳಿ, ಅರ್ಧ ನೀರಿನ ಪುಪ್ಪುಸದಾಗ ಉಸರಾಡಬೇಕಾಗ್ತೈತಿ. ಒಂದೊಂದು ಉಸರಿನ್ಯಾಗ ಸ್ವಲ್ಪಸ್ವಲ್ಪ ಗಾಳಿ ಸಿಗ್ತೈತಿ. ಅದನ್ನ ತುಂಬಿಕೊಳ್ಳಾಕ ಲಗೂ ಲಗೂ ಉಸರಾಡ್ತೈತಿ.

— ಹೊರಗ ಅಂದ್ರ ಎಲ್ಲಿಗ್ರಿ? ಬಾಯಿಂದನ?

— ಬಾಯಿಂದ ಬರೂದು ಭಾಳ ಕಡಿಮಿ. ಹಡಿಯೂಮುಂದ ಎದಿ ಒತ್ತಿ ನೀರು ಹಿಂಡಿ ಬರ್ತೈತಿ ಅಂತ ನಾವೂ ನರ್ಸ್ ಟ್ರೇನಿಂಗಿನ್ಯಾಗ ಓದಿದ್ವಿ. ಅದು ಸಣ್ಣ ಪಾಲು. ಹೆಚ್ಚಿನ ನೀರು ಹೋಗೂದು ಒಳಗಿನ ಗ್ವಾಡಿ ಮೂಲಕ ರಕ್ತಕ್ಕ. ನಿಮ್ಮ ಮಾವನವರ ಹೊಲ ಮುಧೋಳ ತಾಲೂಕಿನ್ಯಾಗ ಐತೆಲ್ಲ, ಕಬ್ಬಿಂದು?

— ಹೂಂರಿ. ನಾಕ ಎಕರೆ. ಅದರಾಗ ಒಂದ್ ಎಕರೆ ಜವಳ ಹತ್ತೈತಿ. ನೀರು ಹಾಸಿ ಹಾಸಿ ಹಂಗಾತ್ರಿ. ಹೋದ ವರ್ಷ ಬಸಿಗಾಲುವಿ ತಗಿಸ್ಯಾರ.

— ಹಂಗಾರ ನಿನಗ ಲಗೂ ತಿಳೀತೈತಿ. ಸವಳು-ಜವಳು ಅಂತ ಜೋಡಿ ಹೆಸರು ಯಾಕ ಹೇಳ್ತಾರ? ನೀರು ಎಲ್ಲಿ ನಿಂತೈತೋ ಅಲ್ಲಿ ಉಪ್ಪೂ ಇರ್ತೈತಿ. ಪುಪ್ಪುಸದಾಗೂ ಉಪ್ಪು, ನೀರು ಒಂದರ ಬೆನ್ನ ಹತ್ತಿ ಒಂದು ಹೋಗ್ತಾವ. ಹೊಟ್ಟ್ಯಾಗಿದ್ದಾಗ ಉಪ್ಪು ಒಳಗ ಬರ್ತೈತಿ, ಅದರ ಹಿಂದ ನೀರು. ತಾಯಿಗೆ ಬ್ಯಾನಿ ಸುರು ಆದ್ವಂದ್ರ ಕೂಸಿನ ಮೈಯಾಗ ಅಡ್ರಿನಲಿನ್ ಏರ್ತೈತಿ. ಆಗ ಗ್ವಾಡ್ಯಾಗಿನ ಸೋಡಿಯಂ ಬಾಗಲಾ ತಗೀತಾವ. ಉಪ್ಪು ತಿರುಗಿ ರಕ್ತದ ಕಡೆ ಹೊಂಟ್ರ ನೀರೂ ಹೊಂಟಿತು. ಬ್ಯಾನಿ ಅನ್ನೂದು ತಾಯಿಗೆ ಬರೇ ಸಂಕಟ ಅಲ್ಲ ತಮ್ಮಾ, ಕೂಸಿನ ಎದಿಯಾಗ ಬಸಿಗಾಲುವಿ ತಗಿಯೂ ಹೊತ್ತು ಅದು.

— ನಮ್ಮಾಕಿಗೆ ಬ್ಯಾನಿ ಬಂದಿರಲೇ ಇಲ್ರಿ.

— ಮತ್ತ ಯಾಕ ಸಿಜೇರಿನ್ ಮಾಡಿದ್ರು? ಬಿ.ಪಿ. ಏರಿತ್ತೇನು? ಕೂಸು ಅಡ್ಡ ಇತ್ತೇನು?

— ಇಲ್ರಿ. ಹೆಂಗೂ ಸಿಜೇರಿನ್ ಆಗೂದೈತಿ ಅಂತ ಮೊದಲ ಹೇಳಿದ್ರು. ಅಮಾಸಿ ಬರತೈತಿ, ಅದರೊಳಗ ಆಗಿಬಿಡ್ಲಿ ಅಂತ ನಮ್ಮ ಅತ್ತಿ ಪಂಚಾಂಗ ತೋರಿಸಿ ದಿನ, ತಾಸು ತಗಿಸಿದ್ರು. ನಾನೂ ಹೂಂ ಅಂದ್ನಿ. ‘ಒಂಬತ್ತರಾಗ ಬಿದ್ದಾವ, ಇನ್ನೇನೈತಿ’ ಅಂದ್ರು. ದವಾಖಾನ್ಯಾಗ ಯಾರೂ ಬ್ಯಾಡ ಅನ್ನಲಿಲ್ಲ.

— ತಾಯಿ ಕಾರ್ಡು ಐತೇನು ನಿನ್ನ ಹಂತ್ಯಾಕ? ಕೊಡು ಇಲ್ಲಿ. ಕಡೀ ಮುಟ್ಟಿನ ದಿನ ಇಲ್ಲೈತಿ. ಇಲ್ಲಿಂದ ನಿನ್ನಿತನಕ... 262 ದಿನ. ಅಂದ್ರ 37 ವಾರ, ಮ್ಯಾಲ ಮೂರು ದಿನ. ಪೂರಾ ಅಂದ್ರ 280. ಹದಿನೆಂಟು ದಿನ ಮೊದಲ ತಗದೀರಿ.

— ಒಂಬತ್ತು ತಿಂಗಳು ಅಂದ್ರ...

— ‘ಒಂಬತ್ತರಾಗ ಬೀಳೂದು’ ಬ್ಯಾರೆ, ‘ಒಂಬತ್ತು ತುಂಬೂದು’ ಬ್ಯಾರೆ. ನಮ್ಮ ಹಿರ್ಯಾರಿಗೆ ಈ ಲೆಕ್ಕ ಸರಿಯಾಗಿ ಗೊತ್ತಿತ್ತು ನೋಡು. ಒಂಬತ್ತು ತಿಂಗಳ ಒಂಬತ್ತು ದಿನ ಅಂತ ಹಾಡಿನ್ಯಾಗ, ಕತಿಯಾಗ, ಬೈಗಳದಾಗೂ ಅಂತಿದ್ರು. ಡಾಕ್ಟರು ಹೇಳೂ ಲೆಕ್ಕ, ಕಡೀ ಮುಟ್ಟಿನಿಂದ ಒಂಬತ್ತು ತಿಂಗಳ ಏಳು ದಿನ. ಎರಡು ದಿನದ ಫರಕು ಅಷ್ಟ. ಅಷ್ಟು ಕಟ್ಟುನಿಟ್ಟಾಗಿ ಎಣಸ್ತಿದ್ದ ಮಂದಿ, ಈಗ ಅಮಾಸಿ ಸಲುವಾಗಿ ಅದನ್ನ ಬಿಟ್ಟುಕೊಡ್ತಾರಲ್ಲ ಅಂತ ನನಗ ಭಾಳ ಸಂಕಟ ಆಗ್ತೈತಿ. ಇಂಗ್ಲೆಂಡಿನ ಡಾಕ್ಟರು 1995ರಾಗ ಒಂದು ಲೆಕ್ಕ ಪ್ರಕಟ ಮಾಡಿದ್ರು. ಬ್ಯಾನಿ ಬರೂಕಿಂತ ಮೊದಲ ಸಿಜೇರಿನ್ ಮಾಡಿದ್ರ, 37ನೇ ವಾರದಾಗ 1000 ಕೂಸಿಗೆ ಸುಮಾರು 74 ಕೂಸಿಗೆ ಉಸಿರಿನ ತ್ರಾಸ ಆಗಿತ್ತು. 38ರಾಗ 42. 39ರಾಗ 18. ಪುಪ್ಪುಸಕ್ಕ ಆ ಎರಡು ವಾರ ಅಂದ್ರ ಅಷ್ಟು ದೊಡ್ಡದು. ಅದಕ್ಕ ಅವಸರದ ಕಾರಣ ಇಲ್ಲಂದ್ರ 39 ತುಂಬೂತನಕ ಕಾಯ್ರಿ ಅಂತ ಹೇಳೂದು.

— ಹಂಗಾರ ನಾನ ಮಾಡಿದ್ನಿ ಅನ್ರಿ ಇದನ್ನ.

— ಹಂಗನಬ್ಯಾಡ. ನಿನಗ ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಬೇಕಾಗಿತ್ತು. ಬ್ಯಾನಿ ಬಂದು ಸಹಜ ಹಡದ ಕೂಸಿಗೂ ಇದು ಆಗ್ತೈತಿ. ಗಂಡು ಕೂಸಿಗೆ ಒಂದೀಟು ಹೆಚ್ಚು. ತಾಯಿಗೆ ಸಕ್ರಿ ರೋಗ ಇಲ್ಲಾ ದಮ್ಮು ಇದ್ರೂ ಹೆಚ್ಚು. ಮತ್ತ ಸಿಜೇರಿನ್ ಅಂದ್ರ ಕೆಟ್ಟದ್ದು ಅಂತ ತಿಳೀಬ್ಯಾಡ. ಅದರಿಂದ ಉಳದ ತಾಯಂದಿರನ್ನ, ಕೂಸುಗಳನ್ನ ನಾ ಕಣ್ಣಾರೆ ನೋಡೀನಿ. ಕರ್ನಾಟಕದಾಗ 2015-16ರ ಸಮೀಕ್ಷೆಯಾಗ 100 ಹೆರಿಗಿಗೆ ಸುಮಾರು 24 ಸಿಜೇರಿನ್ ಇದ್ವು. 2019-21ರಾಗ 31 ದಾಟಿದ್ವು. ಬೇಕಾದವು ಎಷ್ಟೋ ಅದಾವ ಅದರಾಗ. ಬ್ಯಾನಿಗೂ ಕಾಯದ, ವಾರಾನೂ ಎಣಸದ ಮಾಡಿದವು ನನ್ನನ್ನ ಸುಡ್ತಾವ. ಒಂದ್ ಕೆಲಸ ಮಾಡು, ಈ 262ರ ಲೆಕ್ಕ ಇವತ್ತ ನಿನ್ನ ಹೆಣ್ತಿ ಮುಂದ ತಗೀಬ್ಯಾಡ. ಆಕಿ ಹೊಟ್ಟಿ ಮ್ಯಾಲ ಹೊಲಗಿ ಹಾಕಿಸಿಕೊಂಡು, ಮಗ್ಗಲದಾಗ ಕೂಸು ಇಲ್ಲದ ಮಲಗ್ಯಾಳ.

— ಅಳಾಕತ್ತಾಳ್ರಿ. ನಾ ಏನ್ ತಿಂದ್ನಿ, ಏನ್ ಮಾಡಿದ್ನಿ ಅಂತಾಳ.

— ಆಕಿ ಏನೂ ಮಾಡಿಲ್ಲ. ಥಂಡಿ ತಿಂದದ್ದರಿಂದ ಆಗಿಲ್ಲ, ಗ್ರಹಣ ನೋಡಿದ್ದರಿಂದ ಆಗಿಲ್ಲ. ಹಂಗಂತ ನೀನ ಹೇಳಬೇಕು, ಗಂಡನ ಬಾಯಿಂದ ಬರಬೇಕು ಅದು.

— ಹೇಳ್ತೀನ್ರಿ. ಆದ್ರ ನಾ ಕೇಳಿದ್ದು ಹಂಗ ಉಳೀತು. ತಾನ ಹೋಗೂದಕ್ಕ ಆ್ಯಂಟಿಬಯಾಟಿಕ್ ಯಾಕ?

— ಇದಕ್ಕ ನನ್ನ ನೌಕರಿಯ ಎರಡನೇ ವರ್ಷದ ಕತಿ ಹೇಳಬೇಕಾಗ್ತೈತಿ. ಬೀಳಗಿ ತಾಲೂಕಿನ್ಯಾಗ ಹೊಳಿ ದಂಡಿ ಮ್ಯಾಲಿನ ಹಳ್ಳಿ. ಈಗ ಆ ಹಳೇ ಊರು ಆಲಮಟ್ಟಿ ಹಿನ್ನೀರಿನ್ಯಾಗ ಐತಿ. ಆಗ ಹೆರಿಗಿ ಎಲ್ಲಾ ಮನ್ಯಾಗ. ಆ ವರ್ಷ ಮೂರು ಕೂಸಿಗೆ ಹಿಂಗ ಉಸರು ಏರಿತ್ತು, ಮೂರಕ್ಕೂ ಎರಡು ದಿನದಾಗ ತಾನ ಇಳೀತು. ನನಗ ಧೈರ್ಯ ಬಂತು. ನಾಕನೇ ಕೂಸಿನ ಮನಿಗೆ ಕರದ್ರು. ಉಸರು 76. ‘ಹೆದರಬ್ಯಾಡ್ರಿ, ತಾನ ಇಳೀತೈತಿ’ ಅಂದು ಮನಿಗೆ ಬಂದ್ನಿ. ತಾಯಿಗೆ ನೀರು ಒಡದು ಎರಡು ದಿನ ಆಗಿತ್ತು, ಜ್ವರಾನೂ ಇದ್ವು. ನಾ ಅದನ್ನ ಕೇಳಲಿಲ್ಲ. ಅವರೂ ಹೇಳಲಿಲ್ಲ. ಮರುದಿನ ಹೋಗೂದರಾಗ ಕೂಸು ತಣ್ಣಗಾಗಿತ್ತು, ಮಲಿ ಹಿಡಿಯಾಕ ಒಲ್ಲದು, ಪಕ್ಕಿ ಒಳಗ ಎಳಿಯಾಕತ್ತಿತ್ತು. ಪಕ್ಕಿ ಎಳತಕ್ಕ ಅಂತ ಅಜ್ಜಿ ಎದಿ ಮ್ಯಾಲ ಚುಟಿಗಿ ಹಾಕಿಸಿದ್ಲು. ಕಾದ ಸೂಜಿಯಿಂದ, ಎರಡೂ ಮಗ್ಗಲಿಗೆ. ಬಾಗಲಕೋಟಿಗೆ ಬಸ್ಸಿನ್ಯಾಗ ಹೊಂಟ್ವಿ. ಮುಟ್ಟಲಿಲ್ಲ.

— ...

— ಅದು ನೀರು ನಿಂತದ್ದಾಗಿರಲಿಲ್ಲ ತಮ್ಮಾ, ನಂಜಾಗಿತ್ತು. ಮೊದಲನೇ ದಿನ ಎರಡೂ ಒಂದ ಥರ ಕಾಣ್ತಾವ. ಅದ ವೇಗದ ಉಸರು, ಅವ ಅರಳೂ ಹೊಳ್ಳಿ. ‘ತಾತ್ಕಾಲಿಕ’ ಅನ್ನೂದು ಮೂರನೇ ದಿನ ಖಾತ್ರಿ ಆಗೂ ಮಾತು. ಇಳದ ಮ್ಯಾಲ ಹಿಂದ ಹೊಳ್ಳಿ ನೋಡಿ, ಹೌದು, ತಾತ್ಕಾಲಿಕ ಇತ್ತು ಅಂತ ಅನ್ನಬೇಕು. ಅಲ್ಲೀತನಕ ಬ್ಯಾರೆ ಏನೂ ಇಲ್ಲ ಅಂತ ಒಂದೊಂದ ತಗದು ಹಾಕ್ತಿರಬೇಕು. ಅದಕ್ಕ ರಕ್ತ ತಗದು ಕಲ್ಚರಿಗೆ ಹಚ್ಚಿರ್ತಾರ. ಅದರ ಉತ್ತರಕ್ಕ 48 ತಾಸು ಬೇಕು, ಅಷ್ಟೊತ್ತು ನಂಜಿನ ಔಷಧ ಕೊಡ್ತಾರ. ನಂಜಿಲ್ಲ ಅಂತ ಬಂತಂದ್ರ ನಿಲ್ಲಸ್ತಾರ. ಎದಿ ಎಕ್ಸ್‌ರೇ ತಗದಿರಬೇಕಲ್ಲ?

— ತಗದಾರ್ರಿ. ಪುಪ್ಪುಸದ ಪದರದ ನಡುವ ಒಂದು ಬೆಳ್ಳಗಿನ ಗೆರಿ ತೋರಿಸಿ, ಇದ ನೀರು ಅಂದ್ರು.

— ಹೌದು, ಆ ಗೆರಿ. ಅದನ್ನೆಲ್ಲಾ ಕೂಡಿಸಿ ಈ ತ್ರಾಸಿಗೆ ಮೊದಲ ಹೆಸರು ಕೊಟ್ಟಾಕಿ ಒಬ್ಬ ಹೆಣ್ಣಮಗಳು. ಅಮೆರಿಕಾದ ಡಾಕ್ಟರ್ ಮೇರಿ ಎಲೆನ್ ಏವರಿ, 1966ರಾಗ, ಸಂಗಾತಿಗಳ ಕೂಡ. ನೀರು ಹೀರಿಕೊಳ್ಳೂದು ತಡಾ ಆಗಿರಬೇಕು ಅಂತ ಆಗ ಊಹೆ ಮಾಡಿ ಬರದ್ಲು, ಅದ ಮುಂದ ಖರೇ ಆತು. ಅದಕ್ಕೂ ಮೊದಲ, 1959ರಾಗ, ಇನ್ನೊಂದು ದೊಡ್ಡದನ್ನ ಕಂಡು ಹಿಡದಿದ್ಲು. ತಿಂಗಳು ತುಂಬದ ಕೂಸುಗಳ ಪುಪ್ಪುಸದಾಗ ಒಂದು ಜಿಡ್ಡಿನ ಪದಾರ್ಥ ಕಡಿಮಿ ಇರ್ತೈತಿ, ಅದಿಲ್ಲದ ಗಾಳಿಗುಳ್ಳಿ ಉಸರು ಬಿಟ್ಟ ಕೂಡ್ಲೆ ಮುದ್ದಿ ಆಗಿ ಅಂಟಿಕೊಳ್ತಾವ ಅಂತ. ಅದು ಬ್ಯಾರೆ ಜಡ್ಡು, ಇದಕ್ಕಿಂತ ಭಾಳ ಕಠಿಣ. ಅಮೆರಿಕಾದ ರಾಷ್ಟ್ರಪತಿ ಕೆನಡಿ ಅವರ ಕೂಸು 1963ರ ಆಗಸ್ಟ್‌ನ್ಯಾಗ ಅದರಿಂದನ ಹೋತು. 34 ವಾರಕ್ಕ ಹುಟ್ಟಿತ್ತು, ಬದುಕಿದ್ದು 39 ತಾಸು. ಅಷ್ಟು ದೊಡ್ಡ ದೇಶದ ರಾಷ್ಟ್ರಪತಿ ಕೈಯಾಗ ಆಗ ಇಲ್ಲದ್ದು ಇವತ್ತ ಜಮಖಂಡ್ಯಾಗ ನಿನ್ನ ಕೂಸಿನ ತಲಿ ಹಂತ್ಯಾಕ ಐತಿ. ನೀರಿನ ಬಾಟ್ಲಿ ನೋಡಿದೇನು, ಗುಳುಗುಳು ಅನ್ನೂದು?

— ನೋಡೀನ್ರಿ. ಮೂಗಿನ್ಯಾಗ ಎರಡು ಸಣ್ಣ ನಳಗಿ, ಈ ಕಡೆ ಬಾಟ್ಲ್ಯಾಗ ಗುಳ್ಳಿ ಏಳ್ತಿರ್ತಾವ. ಅದೇನಂತ ಕೇಳಾಕ ಧೈರ್ಯ ಆಗಲಿಲ್ಲ.

— ಕೇಳಬೇಕು. ನಿನ್ನ ಕೂಸು ಅದು. ಅದಕ್ಕ ಸಿಪ್ಯಾಪ್ ಅಂತಾರ. ನಳಗಿ ತುದಿಯನ್ನ ನೀರಿನ್ಯಾಗ 5 ಸೆಂಟಿಮೀಟರ್ ಮುಳಗಿಸಿದ್ರ ಅಷ್ಟ ಒತ್ತಡ ಕೂಸಿನ ಎದಿಯಾಗ ಸದಾ ಇರ್ತೈತಿ. ಗಾಳಿಗುಳ್ಳಿ ಪೂರಾ ಮುಚ್ಚಿಕೊಳ್ಳೂದಿಲ್ಲ, ನೀರು ಹೀರಿಕೊಳ್ಳಾಕ ಅನುಕೂಲ ಆಗ್ತೈತಿ. ಕೂಸು ‘ಹ್ಞೂಂ’ ಅಂತ ನರಳಿ ತಾನ ಒಳಗ ಗಾಳಿ ತಡದು ಹಿಡೀತಿತ್ತಲ್ಲ, ಆ ಕೆಲಸ ಈಗ ಬಾಟ್ಲಿ ಮಾಡಾಕತ್ತೈತಿ. ನರಳೂದು ಕಡಿಮಿ ಆಗಿದ್ದು ಅದಕ್ಕೂ ಇರಬಹುದು. ಈ ಉಪಾಯ ಕೂಸುಗಳಿಗೆ ಬಂದದ್ದು 1971ರಾಗ, ಜಾರ್ಜ್ ಗ್ರೆಗರಿ ಅನ್ನೂ ಡಾಕ್ಟರಿಂದ.

— ನಮ್ಮ ಕಾಕಾ ಅಂತಾರ, ಮುತ್ತ್ಯಾಗ ಕಾಲ ಬಾತಾಗ ನೀರು ಇಳಸೂ ಇಂಜೆಕ್ಷನ್ ಕೊಟ್ಟಿದ್ರಲ್ಲ, ಅದನ್ನ ಕೂಸಿಗೂ ಕೊಡ ಅನ್ನು ಅಂತ.

— ಅದನ್ನೂ ಮಾಡಿ ನೋಡ್ಯಾರ, ಇದಕ್ಕ ಉಪಯೋಗ ಆಗಿಲ್ಲ. ಮುತ್ತ್ಯಾನ ನೀರಿನ ದಾರಿ ಬ್ಯಾರೆ, ಕೂಸಿಂದು ಬ್ಯಾರೆ. ಇದಕ್ಕ ಬೇಕಾದದ್ದು ಬೆಚ್ಚಗಿನ ಜಾಗಾ, ಬೇಕಾದಷ್ಟ ಆಕ್ಸಿಜನ್, ಮತ್ತ ಹೊತ್ತು. ಜವಳ ಹೊಲ ಬಸದಂಗನ. ಕಾಲುವಿ ತಗದ ಮ್ಯಾಲ ಕೊಡದಿಂದ ತುಂಬಿ ಚೆಲ್ಲಿದ್ರ ಲಗೂ ಆಗೂದಿಲ್ಲ.

— ಹಾಲು ಕುಡಸಾಕ ಕೊಡವಲ್ರು. ಒಂದೂವರಿ ದಿನ ಆತು, ಕೂಸು ಹಸದಿರಬೇಕಲ್ರಿ?

— ಸಲಾಯಿನ್ನಿನ್ಯಾಗ ಸಕ್ರಿ ಹೊಂಟೈತಿ, ಅದ ಅದರ ಊಟ. ನಿಮಿಷಕ್ಕ ಎಪ್ಪತ್ತು ಸಲ ಉಸರಾಡೂ ಕೂಸಿಗೆ ಚೀಪಿ ನುಂಗಾಕ ಪುರಸೊತ್ತ ಎಲ್ಲೈತಿ? ಬಾಯಾಗ ಹಾಲು ಬಿಟ್ರ ಉಸಿರಿನ ನಾಳಕ್ಕ ಹೋಗ್ತೈತಿ. ಒಂದೀಟು ಇಳದ ಮ್ಯಾಲ ನಳಗಿಯಿಂದ ಸೀದಾ ಹೊಟ್ಟಿಗೆ ಬಿಡ್ತಾರ, ಆಮ್ಯಾಲ ಮಲಿಗೆ ಹಚ್ಚತಾರ. ನಿನ್ನ ಹೆಣ್ತಿ ಈಗಿಂದನ ಹಾಲು ಹಿಂಡಿ ಕೊಡಬೇಕು, ಮೂರು ತಾಸಿಗೊಮ್ಮೆ. ಮೊದಲ ಹಳದಿ ಹಾಲು ನಾಕ ಹನಿ ಬಂದ್ರೂ ಸರಿ, ಚೆಲ್ಲಬಾರದು. ಕೂಸು ಹಂತ್ಯಾಕ ಇಲ್ಲಂತ ಬಿಟ್ರ ಹಾಲು ಬತ್ತಿ ಹೋಗ್ತೈತಿ. ಜೇನತುಪ್ಪ, ಸಕ್ರಿ ನೀರು ಯಾರೂ ನೆಕ್ಕಿಸಬಾರದು. ಚುಟಿಗಿ ಮಾತು ಮನ್ಯಾಗ ಯಾರರ ತಗದಾರೇನು?

— ...ನಮ್ಮ ಅತ್ತಿ ಅಂದ್ರು. ಮನಿಗೆ ಬಂದ ಮ್ಯಾಲ ಒಂದೊಂದ ಎಳಸೂಣು ಅಂತ.

— ನಾ ಬಂದು ಹೇಳ್ತೀನಿ ಆಕಿಗೆ. ಜಗಳಾ ಮಾಡೂದಿಲ್ಲ. ಬೀಳಗ್ಯಾಗಿನ ಆ ಕೂಸಿನ ಎದಿ ಮ್ಯಾಲ ನಾ ನೋಡಿದ್ದು ಹೇಳ್ತೀನಿ. ಸುಟ್ಟ ಚರ್ಮದಾಗ ನಂಜು ಹೊಗತೈತಿ. ಉಸರು ತಾನ ಇಳೀತಿದ್ದ ಕೂಸಿಗೆ ಚುಟಿಗಿ ಹಾಕಿ, ಚುಟಿಗಿಯಿಂದ ಇಳೀತು ಅಂತ ತಿಳಕೊಂಡಾರ ನಮ್ಮ ಮಂದಿ. ಎಷ್ಟೋ ತಲಿಮಾರಿಂದ ಹಿಂಗ ನಡದೈತಿ. ಅವರಿಗೆ ಮೂರು ದಿನದ ಲೆಕ್ಕ ಯಾರೂ ಹೇಳಲಿಲ್ಲ.

— ಮೂರು ದಿನದಾಗ ಇಳೀಲಿಲ್ಲಂದ್ರ?

— ಆಗ ಡಾಕ್ಟರು ಬ್ಯಾರೆ ಕಾರಣ ಹುಡುಕಬೇಕು, ಹೃದಯದ್ದು, ನಂಜಿಂದು. ಆಕ್ಸಿಜನ್ ಹೆಚ್ಚೆಚ್ಚು ಬೇಕಾದ್ರ ಬಾಗಲಕೋಟಿಗೆ ಅನ್ನಬಹುದು. ಅಂದ್ರ ತಡಾ ಮಾಡಬ್ಯಾಡ್ರಿ, ಮುಹೂರ್ತ ಕೇಳಬ್ಯಾಡ್ರಿ. ರೊಕ್ಕದ ಹೆದರಿಕಿ ಇದ್ರ ಸರಕಾರಿ ದವಾಖಾನಿ ಐತಿ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಅಂತ ಐತಿ. ಜಡ್ಡಾದ ಹಸುಗೂಸಿಗೆ ಅಲ್ಲಿ ಔಷಧ, ಪರೀಕ್ಷೆ, ಗಾಡಿ ಎಲ್ಲಾ ಪುಕ್ಕಟೆ. ಮೊದಲ 30 ದಿನಕ್ಕ ಇತ್ತು, ಆಮ್ಯಾಲ ಒಂದು ವರ್ಷದ ಕೂಸಿನತನಕ ಮಾಡಿದ್ರು.

— ಮುಂದ ದೊಡ್ಡಾಂವ ಆದ ಮ್ಯಾಲ ದಮ್ಮು ಗಿಮ್ಮು?

— ಹೆಚ್ಚಿನ ಕೂಸುಗಳಿಗೆ ಏನೂ ಉಳಿಯೂದಿಲ್ಲ. ಕೆಲವರಿಗೆ ಸಣ್ಣವರಿದ್ದಾಗ ಉಬ್ಬಸ ಒಂದೀಟು ಹೆಚ್ಚು ಅಂತ ಕೆಲವು ಅಧ್ಯಯನದಾಗ ಕಂಡೈತಿ. ನಿಮ್ಮ ಮನ್ಯಾಗ ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ತೊಟ್ಟಲಾ ಮಗ್ಗದ ಖೋಲ್ಯಾಗ ಕಟ್ಟಬ್ಯಾಡ್ರಿ. ನೂಲಿನ ಧೂಳು ಮ್ಯಾಲಿನ ಜಂತಿತನಕ ಕುಂತಿರ್ತೈತಿ, ನೀವು ದೊಡ್ಡವರ ಕೆಮ್ಮತೀರಿ ಅದರಾಗ. ಹಿತ್ತಲ ಕಡಿ ಖೋಲಿ ಖಾಲಿ ಮಾಡ್ರಿ. ಲೋಭಾನದ ಹೊಗಿ ಸೈತ ಬ್ಯಾಡ.

— ಮನಿಗೆ ಬಂದ ಮ್ಯಾಲ ಮತ್ತ ಉಸರು ಏರಿದ್ರ ನಮಗ ಹೆಂಗ ತಿಳೀಬೇಕ್ರಿ?

— ನೂಲು ಹರಿದದ್ದು ನಿನಗ ಹೆಂಗ ತಿಳೀತೈತಿ? ಹತ್ತು ಮಗ್ಗ ಒಮ್ಮೆಲೇ ಹೊಡೀತಿದ್ರೂ?

— ಸಪ್ಪಳದ ಮ್ಯಾಲ ತಿಳೀತೈತ್ರಿ. ಲಾಳಿ ಓಟ ಬದಲಾಗ್ತೈತಿ.

— ಅಷ್ಟ ಲಕ್ಷ ಕೊಟ್ಟು ಕೂಸಿನ ಹೊಟ್ಟಿ ನೋಡು. ಅಳಾಕತ್ತಾಗ ಬ್ಯಾಡ, ಮಲಗಿದ್ದಾಗ. ಅಂಗಿ ಎತ್ತಿ, ಹೊಟ್ಟಿ ಏರಿ ಇಳದ್ರ ಒಂದು. ಪೂರಾ ಒಂದು ನಿಮಿಷ ಎಣಸು, ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬ್ಯಾಡ. ಹಸುಗೂಸು ಒಂದೊಂದ ಸಲ ಐದಾರು ಸೆಕೆಂಡ್ ನಿಂತು ಮತ್ತ ಲಗೂ ಲಗೂ ಉಸರಾಡ್ತೈತಿ. ಅದು ಸಹಜ, ಅರ್ಧ ನಿಮಿಷದ ಲೆಕ್ಕ ಅದಕ್ಕ ತಪ್ಪತೈತಿ. 60 ಮತ್ತ ಮ್ಯಾಲ ಬಂದ್ರ ಇನ್ನೊಮ್ಮೆ ಎಣಸು. ಆಗೂ ಹಂಗ ಇದ್ರ ದವಾಖಾನಿ. ಪಕ್ಕಿ ಎಳದ್ರ, ನರಳಿದ್ರ, ನಾಲಿಗಿ ನೀಲಿಗಟ್ಟಿದ್ರ, ಹಾಲು ಬಿಟ್ರ, ಮೈ ತಣ್ಣಗಾದ್ರ ಎಣಿಸಿಕೋತ ಕುಂದರಬ್ಯಾಡ, 108ಕ್ಕ ಫೋನ್ ಮಾಡು. ಆಶಾ ಮನಿಗೆ ಬರ್ತಾಳ, ಮೂರನೇ ದಿನ, ಏಳನೇ ದಿನ, ಮುಂದ 14, 21, 28, 42. ಬಂದಾಕಿಗೆ ಬಾಗಲದಾಗ ನಿಂದ್ರಿಸಿ ಕಳಸಬ್ಯಾಡ್ರಿ, ಕೂಸಿನ ಅಂಗಿ ಬಿಚ್ಚಿ ತೋರಸ್ರಿ.

— ನಾಕಕ್ಕ ಒಳಗ ಬಿಡ್ತಾರ್ರಿ ನೋಡಾಕ. ಬರ್ತೀರೇನು ನನ್ನ ಸಂಗಾಟ?

— ಬರ್ತೀನಿ. ಡಾಕ್ಟರ ಮುಂದ ಮೂರು ಮಾತು ಕೇಳೂಣು. ಉಸರು ಈಗ ಎಷ್ಟು, ಆಕ್ಸಿಜನ್ ಎಷ್ಟು ಬೇಕಾಗಾಕತ್ತೈತಿ, ಕಲ್ಚರ್ ಯಾವಾಗ ಬರ್ತೈತಿ. ನೀನ ಕೇಳು, ನಾ ಹಿಂದ ನಿಂದರ್ತೀನಿ. ಮನ್ಯಾಗ ಸಣ್ಣ ಸ್ಟೀಲಿನ ವಾಟಿ ಐತೇನು, ಮುಚ್ಚಳ ಇದ್ದದ್ದು? ಹಿಂಡಿದ ಹಾಲು ಒಯ್ಯಾಕ ಬೇಕಾಗ್ತೈತಿ. ಓಡಿ ಹೋಗಿ ನಿಮ್ಮವ್ವಗ ಕುದಿಯೂ ನೀರಿನ್ಯಾಗ ಇಡಾಕ ಹೇಳು, ಅಷ್ಟರಾಗ ನಾ ಸೀರಿ ಬದಲ ಮಾಡಿ ಬರ್ತೀನಿ.